ಜನವರಿ ಸಂತೆಗೆ ಏಪ್ರಿಲ್ ಹೂವು

ಬೆಂಗಳೂರಿನಲ್ಲಿ ಕಲಾವಿದರು ಬೀದಿಯಲ್ಲೇ ಚಿತ್ರ ಇಟ್ಟು ಮಾರುವ ಚಿತ್ರಸಂತೆ ನಡೆಯುವುದು ಜನವರಿಯಲ್ಲಿ. ಗುಲ್‌ಮೊಹರ್ ಕೆಂಪಾಗುವುದು ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ. ಹೂವು, ಮರ, ಕೆರೆ, ಬೆಟ್ಟ ಬರೆಯುವವರು ವರ್ಷವಿಡೀ ಈ ಎರಡು ತಾರೀಖುಗಳ ನಡುವೆ ಓಡಾಡುತ್ತಲೇ ಇರುತ್ತಾರೆ. ಇದು ನನಗೆ ತಿಳಿದದ್ದು ಪಕ್ಕದ ಮನೆಯ ಅಕ್ಕನಿಂದ. ಜಯನಗರದ ನಮ್ಮ ರಸ್ತೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಎದೆಮಟ್ಟದ ಕಾಂಪೌಂಡು. ಆ ಕಡೆ ಅವರು ಕುಂಚ ತೊಳೆಯುತ್ತಾರೆ, ಈ ಕಡೆ ನಾನು ಬಟ್ಟೆ ಹರವುತ್ತೇನೆ. ಮಾತಿಗೆ ಇನ್ನೇನು ಬೇಕು?

“ಸಂತೆಗೆ ಈ ಸಲ ಏನೇನು ಬರೀತಿದೀರಿ ಅಕ್ಕಾ?” ಎಂದು ಕೇಳಿದೆ. ಆಗಿನ್ನೂ ಮಾರ್ಚ್. ಹೋದ ಸಂತೆಯ ಗಲಾಟೆ ಮುಗಿದು ಎರಡು ತಿಂಗಳಾಗಿತ್ತು ಅಷ್ಟೆ.

“ಮರ ಏನು ಕೊಡುತ್ತೋ ಅದು ಕಣೇ. ಹಳದಿ ಟಬೆಬುಯಾ ಆಯ್ತು. ಜಕರಂದ ಅರ್ಧ ಆಗಿದೆ, ನಾಳೆ ಬೆಳಿಗ್ಗೆ ಮತ್ತೆ ಹೋಗಿ ಕೂರಬೇಕು. ಹೊಂಗೆ ಚಿಗುರು ಈಗ ತಾನೇ ಶುರುವಾಗಿದೆ. ಆ ಎಳೆ ಹಸಿರು ಒಂದು ವಾರ ಇದ್ರೆ ಹೆಚ್ಚು. ಅಷ್ಟರಲ್ಲಿ ನೆಂಟರು ಬರದೇ ಇದ್ರೆ ಸಾಕು.”

ಆ ಮಾತು ಕೇಳಿದ ಮೇಲೆ ನಾನು ಬೆಂಗಳೂರಿನ ಮರಗಳನ್ನು ತಿಂಗಳ ಪ್ರಕಾರ ನೋಡುವುದನ್ನು ಕಲಿತೆ. ವರ್ಷದ ಕೊನೆಗೆ, ಚಳಿ ಹಿಡಿಯುವ ಹೊತ್ತಿಗೆ, ಗುಲಾಬಿ ಟಬೆಬುಯಾ. ಫೆಬ್ರವರಿ, ಮಾರ್ಚಿನಲ್ಲಿ ಅದರ ಹಳದಿ ತಂಗಿ. ಊರ ಹೊರಗೆ ಅದೇ ಕಾಲಕ್ಕೆ ಮುತ್ತುಗ. ಬೆನ್ನಲ್ಲೇ ಜಕರಂದದ ನೀಲಿ. ಬಿಸಿಲು ಏರಿದ ಹಾಗೆ ಕಕ್ಕೆ, ಹೊಳೆದಾಸವಾಳ, ಗುಲ್‌ಮೊಹರ್. ಮಳೆ ಹಿಂದಾದ ಮೇಲೆ ಆಕಾಶಮಲ್ಲಿಗೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಎದ್ದು ನಿಲ್ಲುತ್ತದೆ. ಇದು ತಾನಾಗಿ ಆದದ್ದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರ ಜಿ. ಎಚ್. ಕ್ರುಂಬಿಗಲ್, ಒಂದು ಸಾಲು ಹೂ ಉದುರಿಸುವಾಗ ಮತ್ತೊಂದು ಸಾಲು ಅರಳಬೇಕು ಎಂಬ ಲೆಕ್ಕದಲ್ಲಿ ಈ ಊರಿನ ರಸ್ತೆಗಳಿಗೆ ಮರ ಆರಿಸಿದರು. ಮುಂದೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳ್ತನದಲ್ಲಿ ಲಕ್ಷಾಂತರ ಸಸಿಗಳು ಬೇರೂರಿದವು. ಇವತ್ತು ನಾವು ತಲೆಯೆತ್ತಿ ನೋಡುವ ಎಷ್ಟೋ ಹೂವು ಆ ಇಬ್ಬರ ದೂರಾಲೋಚನೆಯ ಫಲ. ಹೂ ಬರೆಯುವ ಕಲಾವಿದರಿಗಂತೂ ಅವರು ವರ್ಷಪೂರ್ತಿ ಕೆಲಸ ಹಚ್ಚಿಟ್ಟು ಹೋದರು.

ಕೆಲಸ ಹಚ್ಚಿದರು ಅಂದೆ, ಯಾಕೆಂದರೆ ಹೂವು ಯಾರಿಗೂ ಕಾಯುವುದಿಲ್ಲ. ಹಳದಿ ಟಬೆಬುಯಾ ಮರ ಎಲೆಯನ್ನೆಲ್ಲ ಕಳಚಿ, ಮೈತುಂಬ ಬರೀ ಹೂವಾಗಿ ನಿಲ್ಲುವುದು ಹತ್ತು ದಿನವಿದ್ದರೆ ಹೆಚ್ಚು. ಅದರಲ್ಲಿ ಒಂದು ಸಂಜೆ ಮಳೆ ಬಿದ್ದರೆ ಹೂವೆಲ್ಲ ರಸ್ತೆ ಮೇಲೆ. ಪ್ರದರ್ಶನದ ತಾರೀಖನ್ನು ಅದನ್ನು ನಡೆಸುವವರು ಸಭೆ ಸೇರಿ ಗೊತ್ತುಮಾಡುತ್ತಾರೆ. ಮರದ ತಾರೀಖನ್ನು ಗೊತ್ತುಮಾಡುವುದು ಬಿಸಿಲು, ಮಳೆ, ಮಣ್ಣು. ಎರಡನ್ನೂ ಕೂಡಿಸುವ ಹೊಣೆ ಕಲಾವಿದರ ತಲೆಯ ಮೇಲೆ.

ಈ ಕಷ್ಟ ಹಳೆಯದು. ಹದಿನೆಂಟನೇ ಶತಮಾನದಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡಾಮಿನಲ್ಲಿ ಯಾನ್ ವಾನ್ ಹೌಸುಮ್ ಎಂಬ ಕಲಾವಿದನಿದ್ದ. ಹೂಗುಚ್ಛ ಬರೆಯುವುದರಲ್ಲಿ ಯೂರೋಪಿನಲ್ಲೇ ಹೆಸರಾದವನು. ಹೂವನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆಯಬೇಕು ಎನ್ನುವುದು ಅವನ ಹಟ. ಚಿತ್ರ ಬರೆಯಲು ಹೇಳಿದ್ದ ದೊಡ್ಡವರ ಕಡೆಯವರಿಗೆ 1742ರಲ್ಲಿ ಅವನೊಂದು ಕಾಗದ ಬರೆದ: ಹಿಂದಿನ ವರ್ಷ ಹಳದಿ ಗುಲಾಬಿ ಸಿಗಲಿಲ್ಲ, ಸಿಕ್ಕಿದ್ದರೆ ಚಿತ್ರ ಮುಗಿಯುತ್ತಿತ್ತು ಎಂದು. ಒಂದು ಹೂವಿಗಾಗಿ ಒಂದು ವರ್ಷ! ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ಹೂದಾನಿಯ ಚಿತ್ರದ ಮೇಲೆ 1736, 1737 ಎಂದು ಎರಡು ಇಸವಿಗಳಿವೆ. ಒಂದೇ ದಾನಿಯಲ್ಲಿ ಕಾಣುವ ಅಷ್ಟೂ ಹೂವು ಒಂದೇ ದಿನ ಅರಳಿದ್ದಲ್ಲ. ವಸಂತದ ಹೂವಿನ ಪಕ್ಕ ಬೇಸಿಗೆಯ ಹೂವನ್ನು ಕೂರಿಸಬೇಕಾದರೆ ಎರಡು ಋತುಗಳನ್ನೂ ಕಾದು ಕೂರಲೇಬೇಕು.

ಈ ಕಥೆ ಹೇಳಿದಾಗ ಅಕ್ಕನ ಕಣ್ಣು ಅರಳಿತು. “ಮೋನೆ ಮಾಡಿದ್ದು ಗೊತ್ತಾ?” ಎಂದರು. ಫ್ರಾನ್ಸಿನ ಕ್ಲೋದ್ ಮೋನೆ 1889ರಲ್ಲಿ ಕ್ರೂಸ್ ನದಿಯ ಕಣಿವೆಗೆ ಹೋದ. ಅಲ್ಲೊಂದು ಬೋಳು ಓಕ್ ಮರ. ಚಳಿಗಾಲದ ಬೆಳಕಿನಲ್ಲಿ ಅದನ್ನು ಹಲವು ಕ್ಯಾನ್ವಾಸುಗಳಲ್ಲಿ ಹಿಡಿಯಲು ಕೂತ. ಮಳೆ ಹಿಡಿದುಕೊಂಡಿತು, ದಿನ ಕಳೆಯಿತು, ಮೇ ಬಂತು, ಮರ ಚಿಗುರಿತು. ಆ ಜೂನಿನಲ್ಲೇ ಪ್ಯಾರಿಸ್ಸಿನಲ್ಲಿ ಶಿಲ್ಪಿ ರೋಡಾನ್ ಜೊತೆ ಅವನ ದೊಡ್ಡ ಪ್ರದರ್ಶನ ನಡೆಯಬೇಕಿತ್ತು. ಮೋನೆ ಮರದ ಯಜಮಾನನ ಒಪ್ಪಿಗೆ ಪಡೆದು, ಕಣಿವೆಗೆ ಉದ್ದುದ್ದ ಏಣಿ ತರಿಸಿ, ಆಳು ಹತ್ತಿಸಿ, ಚಿಗುರನ್ನೆಲ್ಲ ಕೀಳಿಸಿಬಿಟ್ಟ. ಚಿತ್ರ ಮುಗಿಯಿತು.

“ನಂಗೆ ಅದು ಇಷ್ಟ ಆಗಲ್ಲ ಕಣೇ. ಚಿತ್ರಕ್ಕೋಸ್ಕರ ಚಿಗುರು ಕೀಳೋದಾ? ಆದ್ರೆ ಪಾಪ, ಆ ಸಂಕಟ ನಂಗೆ ಅರ್ಥ ಆಗುತ್ತೆ,” ಎಂದರು ಅಕ್ಕ.

ಅದೇ ಮೋನೆಯ ಇನ್ನೊಂದು ಕಥೆ ನಮ್ಮಿಬ್ಬರಿಗೂ ಇಷ್ಟ. 1891ರಲ್ಲಿ ಎಪ್ಟ್ ಎಂಬ ಹೊಳೆಯ ದಂಡೆಯಲ್ಲಿ ಪಾಪ್ಲರ್ ಮರಗಳ ಸಾಲೊಂದನ್ನು ಅವನು ಬರೆಯುತ್ತಿದ್ದ. ಮರಗಳು ಊರಿನವು. ಅವನ್ನು ಕಡಿಯಲು ಹರಾಜು ಹಾಕಿದರು. ಮೋನೆ ಮರದ ವ್ಯಾಪಾರಿಯನ್ನು ಹುಡುಕಿಕೊಂಡು ಹೋಗಿ ಒಪ್ಪಂದ ಮಾಡಿಕೊಂಡ: ನೀನು ಮನಸ್ಸಿನಲ್ಲಿಟ್ಟುಕೊಂಡ ಬೆಲೆ ಮೀರಿದರೆ ಮಿಕ್ಕದ್ದು ನಾನು ಕೊಡುತ್ತೇನೆ, ನನ್ನ ಚಿತ್ರ ಮುಗಿಯುವವರೆಗೆ ಮರ ಮುಟ್ಟಬೇಡ. ಮರಗಳು ಕೆಲವು ತಿಂಗಳು ಉಳಿದವು. ಮುಂದಿನ ವರ್ಷ ಆ ಪಾಪ್ಲರ್ ಚಿತ್ರಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶನ ಕಂಡವು. ಮರಗಳು ಹೋದವು, ಚಿತ್ರಗಳು ಇವತ್ತಿಗೂ ಇವೆ.

“ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆಗದೇ ಅಕ್ಕಾ? ನಿಧಾನವಾಗಿ ಮನೇಲಿ ಕೂತು ಬರೀಬಹುದಲ್ಲ,” ಎಂದು ಕೇಳಿದ್ದೆ. ಬಹಳ ಜನ ಕೇಳುವ ಪ್ರಶ್ನೆ ಇದು. ಅಕ್ಕ ತಮ್ಮ ಫೋನನ್ನೇ ಕೈಗೆ ಕೊಟ್ಟು, ರಸ್ತೆ ತಿರುವಿನ ಜಕರಂದದ ಮುಂದೆ ನಿಲ್ಲಿಸಿದರು. ಫೋಟೋದಲ್ಲಿ ಹೂವು ಬರೀ ನೀಲಿ. ಮರದಲ್ಲಿ ನೀಲಿಯೊಳಗೆ ನೇರಳೆ, ನೇರಳೆಯೊಳಗೆ ಬೂದಿ, ಬಿಸಿಲು ತಾಗಿದ ಕಡೆ ತೆಳು ಗುಲಾಬಿ. ನೇರಳೆ ಮತ್ತು ನೀಲಿಯ ನಡುವಿನ ಬಣ್ಣಗಳನ್ನು ಕ್ಯಾಮೆರಾ ಬಹಳ ಸಲ ಕಣ್ಣಿಗೆ ಕಂಡಂತೆ ಹಿಡಿಯುವುದಿಲ್ಲ. ಫೋಟೋ ನೋಡಿ ಬರೆದವರು ಆ ತಪ್ಪು ನೀಲಿಯನ್ನೇ ನಕಲು ಮಾಡುತ್ತಾರೆ. ಫೋಟೋದಲ್ಲಿ ನೆರಳೂ ಕಪ್ಪಾಗಿ ಮುಚ್ಚಿಹೋಗಿರುತ್ತದೆ. ನೆಲದ ಮೇಲೆ ಬಿದ್ದ ನಿಜವಾದ ನೆರಳಿನಲ್ಲಿ ಆಕಾಶದ ಬಣ್ಣವೂ ಉದುರಿದ ಹೂವಿನ ಬಣ್ಣವೂ ಇಣುಕುತ್ತವೆ. ಅದಕ್ಕೇ ಅಕ್ಕ ಬೆಳಗಾಗುತ್ತಲೇ ಮಡಚುವ ಸ್ಟೂಲು, ಬೋರ್ಡು, ನೀರಿನ ಬಾಟಲಿ ಹಿಡಿದು ಹೊರಡುತ್ತಾರೆ. ಫೋಟೋ ತೆಗೆಯುತ್ತಾರೆ, ಆದರೆ ಕೊಂಬೆ ಎಲ್ಲಿ ತಿರುಗಿತ್ತು ಎಂದು ನೆನಪಿಟ್ಟುಕೊಳ್ಳುವುದಕ್ಕೆ ಮಾತ್ರ.

ಅವರ ಒಲವು ಜಲವರ್ಣಕ್ಕೆ. ತಯಾರಿಯೆಂದರೆ ಕುಂಚ ಎತ್ತುವ ಮೊದಲೇ ಅರ್ಧ ಕೆಲಸ. ದಪ್ಪ ಕಾಗದವನ್ನು ನೀರಿನಲ್ಲಿ ನೆನೆಸಿ, ಹಲಗೆಯ ಮೇಲೆ ಹರಡಿ, ನಾಲ್ಕೂ ಅಂಚಿಗೆ ಗೋಂದಿನ ಟೇಪು ಅಂಟಿಸಿ ಬಿಡುತ್ತಾರೆ. ಒಣಗಿದ ಮೇಲೆ ಕಾಗದ ಬೆಂಕಿಗೆ ಕಾಯಿಸಿದ ತಮಟೆಯ ಹಾಗೆ ಬಿಗಿಯಾಗಿರುತ್ತದೆ. ಹಾಗೆ ಮಾಡದಿದ್ದರೆ ಆಕಾಶಕ್ಕೆ ಅಗಲವಾಗಿ ತೆಳು ನೀರುಬಣ್ಣದ ವಾಷ್ ಹಾಕಿದ ಕೂಡಲೇ ಕಾಗದ ಉಬ್ಬಿ, ನೀರು ಹಳ್ಳದಲ್ಲಿ ನಿಂತು ಕಲೆಯಾಗುತ್ತದೆ. ಜುಲೈ, ಆಗಸ್ಟಿನ ತೇವದಲ್ಲಿ ವಾಷ್ ಒಣಗುವುದೇ ಇಲ್ಲ. ಕಾಗದಕ್ಕೆ ಬೂಷ್ಟು ಹತ್ತುವ ಭಯ ಬೇರೆ. ಮಾರ್ಚಿನಲ್ಲಿ ಇದರ ತಿರುವುಮುರುವು: ಕುಂಚ ಎತ್ತುವಷ್ಟರಲ್ಲಿ ಬಣ್ಣ ಒಣಗಿರುತ್ತದೆ.

ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚುವ ಪದ್ಧತಿ ಅಕ್ಕನಿಗಿಲ್ಲ. ಬಿಳಿ ಬೇಕಾದಲ್ಲಿ ಕಾಗದವನ್ನೇ ಬಿಡಬೇಕು. ಆಕಾಶಮಲ್ಲಿಗೆ ಬರೆಯುವುದೆಂದರೆ ಹೂವನ್ನು ಬಿಟ್ಟು ಸುತ್ತಲಿನ ಎಲ್ಲವನ್ನೂ ಬರೆಯುವುದು. ಹಳದಿ ಟಬೆಬುಯಾ ಇನ್ನೂ ಕಠಿಣ. ಹಿಂದೆ ನೀಲಿ ಆಕಾಶ, ಮುಂದೆ ಹಳದಿ ಹೂವು. ಎರಡೂ ಒದ್ದೆಯಾಗಿದ್ದಾಗ ಒಂದನ್ನೊಂದು ಮುಟ್ಟಿದರೆ ಹಸಿರು. ಎಲೆಯೇ ಇಲ್ಲದ ಮರದಲ್ಲಿ ಹಸಿರು ಬಂದರೆ ಮರದ ಗುಣವೇ ಹೋಯಿತು. ಹಾಗಾಗಿ ಆಕಾಶವನ್ನು ತುಂಡು ತುಂಡಾಗಿ, ಹೂಗೊಂಚಲುಗಳ ಸಂದಿಯಲ್ಲಿ, ಉಸಿರು ಬಿಗಿಹಿಡಿದು ತುಂಬುತ್ತಾರೆ.

ಇನ್ನು ಗುಲಾಬಿ ಬಣ್ಣದ ವಿಚಾರ. ನೋಡಿದ ಕೂಡಲೇ ಕಣ್ಣು ಸೆಳೆಯುವ ಮಿಂಚು ಗುಲಾಬಿಗಳು ಬೇಗ ಮಾಸುತ್ತವೆ. ಒಪೇರಾ ಪಿಂಕ್ ಎಂದು ಮಾರುವ ಬಣ್ಣ ಹಾಗೆಯೇ, ಹಳೆಯ ಕಾಲದಿಂದ ಎಲ್ಲರೂ ಬಳಸಿದ ಅಲಿಜರಿನ್ ಕ್ರಿಮ್ಸನ್ ಹಾಗೆಯೇ. ಕಿಟಕಿಯ ಬೆಳಕು ಬೀಳುವ ಗೋಡೆಗೆ ಹಾಕಿದರೆ ಆ ಬಣ್ಣಗಳಲ್ಲಿ ಬರೆದ ಬೋಗನ್‌ವಿಲ್ಲ ಕೆಲವು ವರ್ಷಗಳಲ್ಲಿ ಬಿಳಚಿಕೊಳ್ಳುತ್ತದೆ. ಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ. ಅಕ್ಕ ಹೆಚ್ಚು ದುಡ್ಡು ಕೊಟ್ಟು ಕ್ವಿನಾಕ್ರಿಡೋನ್ ಜಾತಿಯ ಗುಲಾಬಿಗಳನ್ನು ತರುತ್ತಾರೆ. ಅವು ಅಷ್ಟು ಮಿಂಚುವುದಿಲ್ಲ, ಆದರೆ ಬೆಳಕಿಗೆ ತಾಳಿಕೊಳ್ಳುತ್ತವೆ. “ಸಂತೇಲಿ ಪಕ್ಕದವರ ಚಿತ್ರ ನನ್ನದಕ್ಕಿಂತ ಜೋರಾಗಿ ಕಾಣುತ್ತೆ. ಕಾಣಲಿ ಬಿಡು. ನನ್ನ ಚಿತ್ರ ತಗೊಂಡೋರ ಮನೇಲಿ ಮೊಮ್ಮಕ್ಕಳ ಕಾಲಕ್ಕೂ ಹೂವು ಹೂವಾಗೇ ಇರಬೇಕು,” ಎನ್ನುತ್ತಾರೆ. ಯಾರೂ ಪರೀಕ್ಷೆ ಮಾಡದ ಕಡೆ ಪ್ರಾಮಾಣಿಕವಾಗಿರುವುದು ದೊಡ್ಡ ಗುಣ. ನಾನು ಅವರನ್ನು ಗೌರವಿಸುವುದು ಇದಕ್ಕಾಗಿ.

ತೈಲವರ್ಣದವರ ಲೆಕ್ಕ ಇನ್ನೂ ಬಿಗಿ. ಎಣ್ಣೆ ಬಣ್ಣ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಮೇಲೆ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಹಸಿ. ಕೊನೆಯ ವಾರ್ನಿಷ್ ಕೊಡಲು ಆರು ತಿಂಗಳಿಂದ ವರ್ಷದವರೆಗೆ ಕಾಯುವುದು ಹಿಂದಿನಿಂದ ಬಂದ ರೂಢಿ. ಅಂದರೆ ಜನವರಿಯಲ್ಲಿ ತೂಗಬೇಕಾದ ಗುಲ್‌ಮೊಹರ್ ಮರದಲ್ಲಿ ಹೂ ಇರುವಾಗಲೇ ಮುಗಿದಿರಬೇಕು.

ಇಷ್ಟೆಲ್ಲ ಇದ್ದರೂ ಹೂವು, ನಿಸರ್ಗ ಬರೆಯುವವರ ಬಗ್ಗೆ ಒಂದು ಹಗುರವಾದ ಮಾತು ಓಡಾಡುತ್ತಿರುತ್ತದೆ. ಸೋಫಾದ ಮೇಲಿನ ಗೋಡೆಗೆ ಚೆನ್ನಾಗಿರುತ್ತೆ, ಕ್ಯಾಲೆಂಡರಿಗೆ ಆಗುತ್ತೆ, ಇದರಲ್ಲಿ ಚಿಂತನೆ ಏನಿದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೈಸೂರು ಅರಮನೆಯ ಕಲಾವಿದರಾಗಿದ್ದ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ಅವರು ಊಟಿ, ಕೊಡೈಕನಾಲ್ ಬೆಟ್ಟಗಳಲ್ಲಿ ಕೂತು ಬರೆದ ಜಲವರ್ಣಗಳಲ್ಲಿ ಮಂಜು, ಮೋಡ, ಕೆರೆಯ ನೀರು ಬಿಟ್ಟರೆ ಹೆಚ್ಚೇನಿಲ್ಲ. ಆದರೂ ಮಂಜು ಕರಗುವ ಒಂದು ಗಳಿಗೆಯನ್ನು ಅಷ್ಟು ತಾಳ್ಮೆಯಿಂದ ನೋಡಿದ ಕಣ್ಣು ಚಿಂತನೆಯಿಲ್ಲದ ಕಣ್ಣಾಗಲು ಸಾಧ್ಯವೇ? ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ ಕಲಾ ಗ್ಯಾಲರಿಗೆ ಅವರ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ರುಮಾಲೆ ಚನ್ನಬಸವಯ್ಯನವರನ್ನು ನೋಡಿ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತು, ಸ್ವಾತಂತ್ರ್ಯ ಹೋರಾಟದ ಕರೆಗೆ ಕುಂಚ ಬದಿಗಿಟ್ಟು ಹೊರಟ ಗಾಂಧಿವಾದಿ. ಸಾರ್ವಜನಿಕ ಬದುಕಿನಲ್ಲಿ ಬಹಳ ವರ್ಷ ಕಳೆದ ಮೇಲೆ ಮತ್ತೆ ಕುಂಚಕ್ಕೆ ಮರಳಿದಾಗ ಅವರು ಆರಿಸಿಕೊಂಡದ್ದು ಬೆಂಗಳೂರಿನ ಹೂಮರಗಳನ್ನು. ಮರದ ಬುಡದಲ್ಲೇ ಕ್ಯಾನ್ವಾಸು ನಿಲ್ಲಿಸಿ, ಚಿಕ್ಕ ಚಿಕ್ಕ ಹೊಡೆತಗಳಲ್ಲಿ ಬಣ್ಣದ ಮೇಲೆ ಬಣ್ಣ ಇಟ್ಟು, ಗುಲ್‌ಮೊಹರನ್ನೂ ಜಕರಂದವನ್ನೂ ಉರಿಯುವಂತೆ ಬರೆದರು. 1988ರಲ್ಲಿ ತೀರಿಕೊಂಡರು. ದೇಶಕ್ಕಾಗಿ ದುಡಿದ ಮನುಷ್ಯ ಬರೀ ಅಲಂಕಾರಕ್ಕೆಂದು ಮರದಡಿ ಕೂತರು ಎಂದು ನನಗನಿಸುವುದಿಲ್ಲ. ಈ ಊರಿನ ಮೇಲಿನ ಅದೇ ಪ್ರೀತಿ ಇನ್ನೊಂದು ದಾರಿ ಹಿಡಿಯಿತು. ಅವರ ಚಿತ್ರಗಳಲ್ಲಿರುವ ರಸ್ತೆಗಳು ಈಗ ಗುರುತು ಸಿಗದಷ್ಟು ಬದಲಾಗಿವೆ. ಅಲ್ಲಿ ಮರವಿತ್ತು, ಹೀಗೆ ಅರಳುತ್ತಿತ್ತು ಎನ್ನುವುದಕ್ಕೆ ಆ ಕ್ಯಾನ್ವಾಸುಗಳೇ ಸಾಕ್ಷಿ.

ಅಕ್ಕನ ದೊಡ್ಡ ದುಃಖವೂ ಇದೇ. ನಮ್ಮ ಬಡಾವಣೆಯಾಚೆ ಒಂದು ಗುಲ್‌ಮೊಹರ್ ಇತ್ತು. ಹೂವು ಜೋರಾಗಿ ಬಂದ ವಾರ ಅವರು ಕೂತು ಕಾಂಡ, ಕೊಂಬೆ, ಕೆಳಗಿನ ಎಳನೀರು ಗಾಡಿ ಎಲ್ಲ ಬರೆದರು. ಮಳೆ ಬಂತು, ಮೇಲಿನ ಹರವು ಉಳಿಯಿತು, ಮುಂದಿನ ಬೇಸಿಗೆಗೆ ಎಂದು ಎತ್ತಿಟ್ಟರು. ಮುಂದಿನ ಬೇಸಿಗೆಗೆ ಮರವೇ ಇರಲಿಲ್ಲ. ರಸ್ತೆ ಅಗಲವಾಗಿತ್ತು. “ಮೋನೆ ಥರ ದುಡ್ಡು ಕೊಟ್ಟು ನಿಲ್ಲಿಸೋಣ ಅಂದ್ರೆ ಯಾರಿಗೆ ಕೊಡೋದು ಹೇಳು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಚಿತ್ರವನ್ನು ನೆನಪಿನಿಂದ ಮುಗಿಸಲು ಅವರು ಒಪ್ಪಲಿಲ್ಲ. ಅರ್ಧ ಬಿಳಿಯಾಗಿರುವ ಹಾಗೆಯೇ ಅದಕ್ಕೆ ಕಟ್ಟು ಹಾಕಿಸಿ ಈ ಸಲ ಸಂತೆಗೆ ಒಯ್ಯುತ್ತಾರಂತೆ. ಮಾರುವುದಿಲ್ಲ, ಜನ ನೋಡಲಿ ಎಂದು.

ಇನ್ನುಳಿದದ್ದು ಆಯ್ಕೆ. ವರ್ಷದ ಕೆಲಸವನ್ನೆಲ್ಲ ಹಾಲಿನ ಗೋಡೆಗೆ ಒರಗಿಸಿ, ದಿನಗಟ್ಟಲೆ ಓಡಾಡುತ್ತಾ ನೋಡುತ್ತಾರೆ. ಮೋನೆ ತನ್ನ ನೀರ್ದಾವರೆಗಳ ಪ್ರದರ್ಶನವನ್ನು ಮುಂದಕ್ಕೆ ಹಾಕುತ್ತಾ ಹೋಗಿ, 1908ರಲ್ಲಿ ಮನಸ್ಸಿಗೆ ಒಪ್ಪದ ಹಲವು ಕ್ಯಾನ್ವಾಸುಗಳನ್ನು ತಾನೇ ನಾಶಮಾಡಿ, ಕೊನೆಗೆ 1909ರಲ್ಲಿ 48 ಚಿತ್ರಗಳನ್ನು ಹೊರಗಿಟ್ಟ. ಅಕ್ಕ ಒಪ್ಪದ ಚಿತ್ರಗಳನ್ನು ಹರಿಯುವುದಿಲ್ಲ, ಬೀರುವಿನ ಕೆಳಗೆ ಸೇರಿಸುತ್ತಾರೆ. ಆದರೆ ಚೆನ್ನಾಗಿ ಬಂದ ಕೆಲವು ಚಿತ್ರಗಳನ್ನೂ ಬಿಡುತ್ತಾರೆ. ಯಾಕೆಂದರೆ ಉರಿಯುವ ಗುಲ್‌ಮೊಹರ್ ಪಕ್ಕದಲ್ಲಿ ಮಡಿವಾಳ ಕೆರೆಯ ಬೂದು ಬೆಳಗು ಕಳೆದುಹೋಗುತ್ತದೆ. ಒಂದು ಚಿತ್ರ ಇನ್ನೊಂದರ ಉಸಿರು ಕಟ್ಟಿಸಬಾರದು. ನಡುವೆ ಹೊಂಗೆಯ ಹಸಿರನ್ನು ಇಟ್ಟರೆ ಎರಡೂ ಬದುಕುತ್ತವೆ. ಹೂವಿನ ಚಿತ್ರಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕದೆ, ಎರಡು ಹೂವಿನ ನಡುವೆ ಒಂದು ಬಯಲು ಬರುವಂತೆ ಜೋಡಿಸುತ್ತಾರೆ. ನೋಡುವವರ ಕಣ್ಣಿಗೂ ಅಲ್ಲಿ ಕೂರಲು ಜಾಗ ಸಿಗುತ್ತದೆ.

ಡಿಸೆಂಬರಿನಲ್ಲಿ ಫ್ರೇಮಿನ ಅಂಗಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಹಾಗಾಗಿ ಅಕ್ಕ ನವೆಂಬರಿನಲ್ಲೇ ಕೊಟ್ಟುಬಿಡುತ್ತಾರೆ. ಆಮ್ಲವಿಲ್ಲದ ಮೌಂಟ್ ಬೋರ್ಡು ಬೇಕು, ಇಲ್ಲದಿದ್ದರೆ ಕಾಗದದ ಅಂಚು ಹಳದಿಯಾಗುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ತಾಗಿದರೆ ಮಳೆಗಾಲದ ಬೆವರು ಅಲ್ಲೇ ಕಲೆ ಮಾಡುತ್ತದೆ. ಸಂತೆಯ ದಿನ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ದೇಶದ ಬೇರೆ ಬೇರೆ ಕಡೆಯಿಂದ ಬಂದ ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಎರಡೂ ಬದಿ ತುಂಬಿರುತ್ತಾರೆ. ಈ ಸಂತೆ ನಡೆಸುವ ಚಿತ್ರಕಲಾ ಪರಿಷತ್ತು 1960ರಲ್ಲಿ ಹುಟ್ಟಿದ ಸಂಸ್ಥೆ. ಕಲೆಯನ್ನು ಗ್ಯಾಲರಿಯ ಬಾಗಿಲಿಂದ ಬೀದಿಗೆ ತಂದದ್ದು ಅದರ ದೊಡ್ಡ ಉಪಕಾರ. ಬೀದಿಯಲ್ಲಿ ಬಿಸಿಲು ನೆತ್ತಿಗೇರಿದರೆ ಗಾಜಿನಲ್ಲಿ ಚಿತ್ರದ ಬದಲು ನೋಡುವವರ ಮುಖವೇ ಕಾಣುತ್ತದೆ. ಅದಕ್ಕೆ ಅಕ್ಕ ಚಿತ್ರಗಳನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ನಿಲ್ಲಿಸುತ್ತಾರೆ.

ಅಲ್ಲಿ ಜನ ಕೇಳುವ ಮೊದಲ ಪ್ರಶ್ನೆ, “ಇದು ಎಷ್ಟು?” ಕೇಳಬೇಕಾದ್ದೇ. ಕಲಾವಿದರೂ ಊಟ ಮಾಡಬೇಕು, ಒಳ್ಳೆಯ ಬಣ್ಣ ತರಬೇಕು. ಆದರೆ ಓದುವವರಲ್ಲಿ ನನ್ನದೊಂದು ಕೋರಿಕೆ. ಈ ಜನವರಿಯಲ್ಲಿ ಸಂತೆಗೆ ಹೋದರೆ, ಹೂಮರದ ಚಿತ್ರವೊಂದರ ಮುಂದೆ ನಿಂತರೆ, ಬೆಲೆ ಕೇಳುವ ಮೊದಲು “ಇದು ಯಾವ ರಸ್ತೆಯ ಮರ? ಯಾವ ತಿಂಗಳು ಬರೆದಿರಿ?” ಎಂದು ಕೇಳಿ. ಸ್ಥಳದಲ್ಲಿ ಕೂತು ಬರೆದವರಾದರೆ ಅವರ ಮುಖ ಅರಳುತ್ತದೆ, ಉತ್ತರ ತಡವಿಲ್ಲದೆ ಬರುತ್ತದೆ. ಆ ರಸ್ತೆಯ ಹೆಸರು ಬರೆದಿಟ್ಟುಕೊಂಡು, ಆ ತಿಂಗಳು ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಮರವನ್ನು ನೋಡಿ ಬನ್ನಿ. ಹಾಗೆ ಹತ್ತು ಮನೆಯವರು ಗುರುತಿಟ್ಟುಕೊಂಡ ಮರಕ್ಕೆ ಕೊಡಲಿ ಬಿದ್ದರೆ ಕೇಳುವವರು ಹತ್ತು ಮನೆಯವರಿರುತ್ತಾರೆ. ಮೋನೆ ತನ್ನ ಚಿತ್ರ ಮುಗಿಯುವವರೆಗೆ ಮಾತ್ರ ಮರ ಉಳಿಸಿಕೊಂಡ. ನಾವು ಮನಸ್ಸು ಮಾಡಿದರೆ ಅದಕ್ಕಿಂತ ಹೆಚ್ಚು ದಿನ ಉಳಿಸಿಕೊಳ್ಳಬಹುದು.